ಕಡಲಿಗೊಂದು ಋತು, ಕಾಡಿಗೊಂದು ಋತು

ಪ್ರಶ್ನೆ: ನಾವು ನಾಲ್ವರು ಹತ್ತು ಹನ್ನೆರಡು ದಿನಗಳ ಮಟ್ಟಿಗೆ ಉಷ್ಣವಲಯದ ಯಾವುದಾದರೂ ಕಡಲತೀರಕ್ಕೆ ಹೋಗಬೇಕೆಂದಿದ್ದೇವೆ. ಸಮುದ್ರದಲ್ಲಿ ಈಜಬೇಕು, ಹವಳದ ದಿಬ್ಬಗಳನ್ನು ನೋಡಬೇಕು, ಜೊತೆಗೆ ಕಾಡಿನಲ್ಲಿ ನಡೆದು ಪ್ರಾಣಿ ಪಕ್ಷಿಗಳನ್ನೂ ಕಾಣಬೇಕೆಂಬ ಆಸೆ. ಕೇಳಿದವರೆಲ್ಲ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯೇ ಒಳ್ಳೆಯದು ಎನ್ನುತ್ತಾರೆ. ಎಲ್ಲ ಕಡೆಗೂ ಇದು ಸರಿಯೇ? ನಾವು ಮೊದಲು ಸ್ಥಳವನ್ನು ಆರಿಸಬೇಕೆ, ತಿಂಗಳನ್ನೆ?

ಉತ್ತರ: ಎಲ್ಲ ಕಡೆಗೂ ಸರಿಯಲ್ಲ. ಭೂಮಧ್ಯರೇಖೆಯ ಉತ್ತರಕ್ಕಿರುವ ಹಲವು ತೀರಗಳ ಮಟ್ಟಿಗೆ ಆ ಸಲಹೆ ನಿಜ. ಆದರೆ ಅದನ್ನೇ ನಂಬಿ ಜನವರಿಯಲ್ಲಿ ಬಾಲಿಗೋ ಫಿಜಿಗೋ ಹೋದವರು ಮಳೆಗಾಲದ ನಟ್ಟನಡುವೆ ಹೋಗಿ ಇಳಿಯುತ್ತಾರೆ. ಭೂಮಧ್ಯರೇಖೆಯಿಂದ ಎರಡೂ ಕಡೆಗೆ ಸುಮಾರು 23.5 ಡಿಗ್ರಿವರೆಗೆ ಹಬ್ಬಿರುವ ಈ ವಲಯದಲ್ಲಿ ವರ್ಷವನ್ನು ಭಾಗ ಮಾಡುವುದು ಸೆಕೆ ಚಳಿಗಳಲ್ಲ, ಮಳೆ. ಸೂರ್ಯ ನೆತ್ತಿಯ ಮೇಲಿರುವ ಕಡೆ ಗಾಳಿ ಕಾದು ಮೇಲೇರುತ್ತದೆ, ಆ ಜಾಗಕ್ಕೆ ಎರಡೂ ಗೋಳಾರ್ಧಗಳಿಂದ ಗಾಳಿ ಬಂದು ಸೇರುತ್ತದೆ, ಹೀಗೆ ಭೂಮಿಯನ್ನು ಸುತ್ತುವರಿದಂತೆ ಮೋಡಗಳ ಒಂದು ಪಟ್ಟಿ ಏರ್ಪಡುತ್ತದೆ. ಈ ಪಟ್ಟಿ ಸೂರ್ಯನ ಬೆನ್ನು ಹಿಡಿದು, ಕೆಲವು ವಾರ ತಡವಾಗಿ, ವರ್ಷಕ್ಕೊಮ್ಮೆ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತದೆ. ಆದ್ದರಿಂದಲೇ ಉತ್ತರದ ಒಣ ತಿಂಗಳುಗಳು ದಕ್ಷಿಣದ ಮಳೆಯ ತಿಂಗಳುಗಳಾಗಿರುತ್ತವೆ. ಸಿಂಗಪುರದಂತೆ ಭೂಮಧ್ಯರೇಖೆಗೆ ತೀರ ಹತ್ತಿರವಿರುವ ಕೆಲವು ಸ್ಥಳಗಳಿಗಂತೂ ಒಣ ತಿಂಗಳೆಂಬುದೇ ಇಲ್ಲ.

ಇಷ್ಟು ತಿಳಿದರೂ ಸಾಲದು, ಏಕೆಂದರೆ ಒಂದೇ ದೇಶದ ಎರಡು ತೀರಗಳು ಎರಡು ಬೇರೆ ಪಂಚಾಂಗಗಳನ್ನು ಅನುಸರಿಸುವುದುಂಟು. ಥಾಯ್ಲೆಂಡಿನ ಪಶ್ಚಿಮಕ್ಕಿರುವ ಅಂಡಮಾನ್ ಸಮುದ್ರದ ತೀರ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಶಾಂತವಾಗಿರುತ್ತದೆ. ನೈರುತ್ಯ ಮಾರುತದ ತಿಂಗಳುಗಳಲ್ಲಿ ಅಲ್ಲಿಯ ಸಿಮಿಲಾನ್ ದ್ವೀಪಗಳ ರಾಷ್ಟ್ರೀಯ ಉದ್ಯಾನವನ್ನು ಮುಚ್ಚಿಯೇ ಬಿಡುತ್ತಾರೆ. ಅದೇ ದೇಶದ ಪೂರ್ವದ ಕೊಲ್ಲಿಯಲ್ಲಿರುವ ಸಮುಯಿ ದ್ವೀಪಕ್ಕಾದರೋ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು ಮಳೆ. ಮಲೇಷ್ಯಾದ ಪೂರ್ವ ತೀರದ ಪೆರ್ಹೆಂಟಿಯನ್ ದ್ವೀಪಗಳಲ್ಲಿ ಈಶಾನ್ಯ ಮಾರುತ ಬೀಸುವಾಗ ವಸತಿಗೃಹಗಳು ಬಹುಪಾಲು ಬಾಗಿಲು ಹಾಕಿಕೊಂಡರೆ, ಪಶ್ಚಿಮದ ಲಂಕಾವಿಗೆ ಅದೇ ಒಳ್ಳೆಯ ಕಾಲ. ದೇಶದ ಹೆಸರು ಹೇಳಿ ತಿಂಗಳು ಕೇಳುವವರಿಗೆ ಸರಿಯಾದ ಉತ್ತರ ಸಿಗದಿರುವುದಕ್ಕೆ ಇದೇ ಕಾರಣವೆಂದು ನನ್ನ ಅನಿಸಿಕೆ. ಕೇಳಬೇಕಾದದ್ದು ಯಾವ ತೀರ, ಅದರ ಮುಖ ಯಾವ ಗಾಳಿಗೆ ಎಂದು.

ಇನ್ನು ನಿಮ್ಮ ಪ್ರಶ್ನೆಯ ನಿಜವಾದ ತೊಡಕಿಗೆ ಬರೋಣ. ನಿಮಗೆ ಕಡಲೂ ಬೇಕು, ಕಾಡೂ ಬೇಕು. ಆದರೆ ಇವೆರಡರ ಒಳ್ಳೆಯ ಕಾಲ ಸಾಮಾನ್ಯವಾಗಿ ಒಂದೇ ಅಲ್ಲ. ಹವಳ ನೋಡುವವರಿಗೆ ನೀರು ತಿಳಿಯಾಗಿರಬೇಕು. ಮಳೆಯ ತಿಂಗಳುಗಳಲ್ಲಿ ನದಿಗಳು ಹೊತ್ತು ತರುವ ಮಣ್ಣು ತೀರದ ನೀರನ್ನು ಕದಡುವುದರಿಂದ ಒಣ ಋತುವಿನ ಮಧ್ಯಭಾಗವೇ ಅವರಿಗೆ ಮೇಲು. ಕಾಡಿನ ಲೆಕ್ಕ ಬೇರೆ. ಒಣ ಋತು ಮುಗಿಯುತ್ತಾ ಬಂದಾಗ ಜಲಪಾತಗಳು ಸೊರಗಿ, ಎಲೆಯುದುರಿಸುವ ಕಾಡುಗಳು ಬೋಳಾಗಿರುತ್ತವೆ, ಕೆಲವೆಡೆ ಬೆಂಕಿಯ ಹೊಗೆ ವಾರಗಟ್ಟಲೆ ಆಕಾಶವನ್ನು ಮುಚ್ಚಿರುತ್ತದೆ. ಹಸಿರನ್ನು ಬಯಸಿ ಬಂದವರಿಗೆ ಇದು ದೊಡ್ಡ ನಿರಾಶೆ. ಪ್ರಾಣಿಗಳನ್ನು ನೋಡಬೇಕೆನ್ನುವವರಿಗೆ ಮಾತ್ರ ಅದೇ ಬೋಳು ಕಾಡು ಅನುಕೂಲ, ಏಕೆಂದರೆ ಉಳಿದ ನೀರಿನ ಸುತ್ತ ಎಲ್ಲ ಪ್ರಾಣಿಗಳೂ ಬಂದು ಸೇರುತ್ತವೆ.

ಆದ್ದರಿಂದ ಮೊದಲು ಆರಿಸಬೇಕಾದದ್ದು ಸ್ಥಳವನ್ನೂ ಅಲ್ಲ, ತಿಂಗಳನ್ನೂ ಅಲ್ಲ. ಯಾವುದನ್ನು ಕಾಣದೆ ಮರಳಿದರೆ ನಿಮಗೆ ಬೇಸರವಾಗುತ್ತದೋ ಅದನ್ನು. ಎರಡೂ ಸಮವಾಗಿ ಬೇಕೆಂದರೆ ಎರಡು ಋತುಗಳು ಕೂಡುವ ಜಾಗವನ್ನು ಹುಡುಕಬೇಕು, ಅಂತಹ ಎರಡನ್ನು ನಾನು ಧೈರ್ಯವಾಗಿ ಸೂಚಿಸಬಲ್ಲೆ. ಮೊದಲನೆಯದು ಆಗಸ್ಟ್ ಮತ್ತು ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಶ್ರೀಲಂಕಾದ ಪೂರ್ವ ತೀರ. ಆಗ ಟ್ರಿಂಕೋಮಲಿಯ ಕಡಲು ಈಜಲು ಯೋಗ್ಯವಾಗಿ ಶಾಂತವಾಗಿರುತ್ತದೆ. ಅಲ್ಲಿಂದ ಒಳನಾಡಿಗೆ ಕೆಲವು ಗಂಟೆಗಳ ಪ್ರಯಾಣದಲ್ಲಿರುವ ಮಿನ್ನೇರಿಯಾದಲ್ಲಿ, ಹಳೆಯ ಕೆರೆಯ ನೀರು ಹಿಂದೆ ಸರಿದ ದಂಡೆಯಲ್ಲಿ ಹೊಸ ಹುಲ್ಲು ಚಿಗುರಿ, ಅದನ್ನು ಮೇಯಲು ಆನೆಗಳು ನೂರರ ಲೆಕ್ಕದಲ್ಲಿ ನೆರೆಯುತ್ತವೆ. ಅದೇ ದ್ವೀಪದ ನೈರುತ್ಯ ತೀರ ಆಗ ಒರಟು ಅಲೆಗಳಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ. ಎರಡನೆಯದು ಡಿಸೆಂಬರ್ ಮೊದಲ ಮೂರು ವಾರಗಳಲ್ಲಿ ಕೋಸ್ಟರಿಕಾದ ಪೆಸಿಫಿಕ್ ತೀರ: ಮಳೆ ಆಗತಾನೇ ಹಿಂದೆ ಸರಿದಿರುತ್ತದೆ, ಕಾಡಿನ ಹಸಿರು ಇನ್ನೂ ಬಾಡಿರುವುದಿಲ್ಲ, ಉತ್ತರ ಅಮೆರಿಕದಿಂದ ಚಳಿಗೆ ವಲಸೆ ಬಂದ ಹಕ್ಕಿಗಳು ಆಗಲೇ ನೆಲೆಸಿರುತ್ತವೆ, ವರ್ಷಾಂತ್ಯದ ರಜೆಯ ಜನಸಂದಣಿ ಇನ್ನೂ ಆರಂಭವಾಗಿರುವುದಿಲ್ಲ. ಮಳೆ ಮುಗಿದ ನಂತರದ ಈ ಕೆಲವು ವಾರಗಳನ್ನು ನಾನು ಬಹುತೇಕ ಎಲ್ಲ ತೀರಗಳಲ್ಲೂ ಒಣ ಋತುವಿನ ನಡುಭಾಗಕ್ಕಿಂತ ಹೆಚ್ಚು ಮೆಚ್ಚುತ್ತೇನೆ. ಒಂದೆರಡು ಸಂಜೆ ನೆನೆಯಬೇಕಾದೀತು, ಅಷ್ಟೆ.

ಮಳೆಯ ಅಂಕಿಗಳನ್ನು ಓದುವಾಗಲೂ ಸ್ವಲ್ಪ ಎಚ್ಚರ ಬೇಕು. ತಿಂಗಳಿಗೆ 200 ಮಿಲಿಮೀಟರ್ ಮಳೆ ಎಂದು ಕಂಡೊಡನೆ ದಿನವಿಡೀ ಸುರಿಯುತ್ತದೆಂದು ತಿಳಿಯಬಾರದು. ಉಷ್ಣವಲಯದ ನೆಲದ ಮೇಲೆ ಬಹಳ ಕಡೆ ಬೆಳಗು ತಿಳಿಯಾಗಿದ್ದು, ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ ರಭಸದಿಂದ ಸುರಿದು ನಿಲ್ಲುತ್ತದೆ. ಮಳೆ ಬೀಳುವ ದಿನಗಳೆಷ್ಟು, ಬಿಸಿಲಿನ ಗಂಟೆಗಳೆಷ್ಟು, ಗಾಳಿ ಯಾವ ದಿಕ್ಕಿನದು ಎಂಬ ಮೂರನ್ನೂ ಕೂಡಿಸಿ ನೋಡಿದರೆ ಮಾತ್ರ ಆ ಅಂಕಿಗೆ ಅರ್ಥ ಬರುತ್ತದೆ.

ಪ್ರಶ್ನೆ: ನಮಗೆ ಬಿಡುವು ಸಿಗುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಅದು ಚಂಡಮಾರುತಗಳ ಕಾಲವೆಂದು ಓದಿ ಹಿಂಜರಿಯುತ್ತಿದ್ದೇವೆ. ದ್ವೀಪಗಳ ಆಸೆ ಬಿಡಬೇಕೆ?

ಉತ್ತರ: ಬಿಡಬೇಕಾಗಿಲ್ಲ, ದಿಕ್ಕು ಬದಲಿಸಿದರೆ ಸಾಕು. ಚಂಡಮಾರುತ ಹುಟ್ಟಲು ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ನೀರು ನೆಲಕ್ಕಿಂತ ನಿಧಾನವಾಗಿ ಕಾಯುವುದರಿಂದ ಬೇಸಗೆ ಕಳೆಯುವ ಹೊತ್ತಿಗೆ ಅಪಾಯ ಹೆಚ್ಚು. ಅಟ್ಲಾಂಟಿಕ್ ಮತ್ತು ಕೆರಿಬಿಯನ್ ಪ್ರದೇಶದಲ್ಲಿ ಈ ಕಾಲವನ್ನು ಜೂನ್ 1ರಿಂದ ನವೆಂಬರ್ 30ರವರೆಗೆ ಎಣಿಸುತ್ತಾರೆ, ಸೆಪ್ಟೆಂಬರ್ ನಡುಭಾಗದ ಆಸುಪಾಸಿನಲ್ಲಿ ಅದು ಉತ್ತುಂಗ ಮುಟ್ಟುತ್ತದೆ. ಫಿಲಿಪ್ಪೀನ್ಸ್ ಇರುವ ಪಶ್ಚಿಮ ಪೆಸಿಫಿಕ್‌ನಲ್ಲಿ ಯಾವ ತಿಂಗಳಲ್ಲಾದರೂ ಚಂಡಮಾರುತ ಏಳಬಹುದು, ನಿಮ್ಮ ಮೂರು ತಿಂಗಳುಗಳಲ್ಲಂತೂ ಹೆಚ್ಚು.

ದಕ್ಷಿಣ ಗೋಳಾರ್ಧದಲ್ಲಿ ಈ ಕಾಲ ಸರಿಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇರುವುದರಿಂದ, ನಿಮ್ಮ ಬಿಡುವಿನ ತಿಂಗಳುಗಳು ಅಲ್ಲಿ ಒಣ, ತಂಪು ತಿಂಗಳುಗಳು. ಬಾಲಿ, ಫಿಜಿ, ಮಾರಿಷಸ್ ಮೂರೂ ನಿಮಗೆ ಸಲ್ಲುತ್ತವೆ. ಮಾರಿಷಸ್‌ನಲ್ಲಿ ಆಗ ಆಗ್ನೇಯದ ಗಾಳಿ ಬಲವಾಗಿರುವುದರಿಂದ ಪಶ್ಚಿಮ ತೀರದಲ್ಲಿ ಉಳಿದುಕೊಳ್ಳಿ. ಟಾಂಗಾದಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ, ಅದನ್ನು ನೋಡುವ ಅವಕಾಶವಿದ್ದರೆ ದಯವಿಟ್ಟು ಬಿಡಬೇಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉತ್ತರ ತೀರಕ್ಕೂ ಇದೇ ಸರಿಯಾದ ಕಾಲ. ನವೆಂಬರ್‌ನಿಂದ ಮೇವರೆಗೆ ಅಲ್ಲಿಯ ತೀರದ ನೀರಿನಲ್ಲಿ ಪ್ರಾಣಾಪಾಯದ ಲೋಳೆಮೀನುಗಳಿರುತ್ತವೆ. ಕೆರಿಬಿಯನ್ ಕಡೆಗೇ ಹೋಗಬೇಕೆಂದಿದ್ದರೆ ದಕ್ಷಿಣ ಅಮೆರಿಕಕ್ಕೆ ಅಂಟಿದಂತಿರುವ ಅರೂಬಾ, ಬೊನೇರ್, ಕುರಸಾವೊ ದ್ವೀಪಗಳನ್ನು ನೋಡಿ, ಅವು ಚಂಡಮಾರುತಗಳ ಸಾಮಾನ್ಯ ದಾರಿಯಿಂದ ದಕ್ಷಿಣಕ್ಕಿವೆ. ಆದರೆ ಒಣ ನೆಲದ ದ್ವೀಪಗಳಾದ್ದರಿಂದ ದಟ್ಟ ಕಾಡನ್ನು ಅಲ್ಲಿ ನಿರೀಕ್ಷಿಸಬೇಡಿ.

ಪ್ರಶ್ನೆ: ಮಳೆಗಾಲದಲ್ಲಿಯೇ ಹೋಗಿ ನೋಡಬೇಕಾದದ್ದು ಏನಾದರೂ ಇದೆಯೇ, ಅಥವಾ ಅದು ಕೇವಲ ಖರ್ಚು ಉಳಿಸುವವರ ಕಾಲವೇ?

ಉತ್ತರ: ಇದೆ. ಮಾಲ್ಡೀವ್ಸ್‌ನ ಹನಿಫಾರು ಕೊಲ್ಲಿಗೆ ಮಾಂಟಾ ತೊರಕೆಗಳೆಂಬ ಚಪ್ಪಟೆ ಮೈಯ ದೊಡ್ಡ ಮೀನುಗಳು ಗುಂಪುಗುಂಪಾಗಿ ಬರುವುದು ನೈರುತ್ಯ ಮಾರುತದ ತಿಂಗಳುಗಳಲ್ಲಿ. ನೀರು ಆಗ ಅಷ್ಟು ತಿಳಿಯಾಗಿರುವುದಿಲ್ಲ, ಆದರೆ ನೀರನ್ನು ಮಬ್ಬಾಗಿಸುವ ಸೂಕ್ಷ್ಮಜೀವಿಗಳೇ ಅವುಗಳ ಆಹಾರ. ಕೋಸ್ಟರಿಕಾದ ಟೋರ್ಟುಗೇರೊದಲ್ಲಿ ಹಸಿರು ಕಡಲಾಮೆಗಳು ಜುಲೈನಿಂದ ಅಕ್ಟೋಬರ್‌ವರೆಗೆ ಮೊಟ್ಟೆಯಿಡುತ್ತವೆ; ಅದೇ ದೇಶದ ಪೆಸಿಫಿಕ್ ತೀರದ ಒಸ್ಟಿಯೊನಾಲ್‌ನಲ್ಲಿ ಆಲಿವ್ ರಿಡ್ಲಿ ಆಮೆಗಳು ಸಾವಿರಾರು ಸಂಖ್ಯೆಯಲ್ಲಿ ಒಟ್ಟಿಗೆ ದಡಕ್ಕೆ ಬರುವ ರಾತ್ರಿಗಳಲ್ಲಿ ದೊಡ್ಡವು ಮಳೆಯ ತಿಂಗಳುಗಳಲ್ಲಿಯೇ ಬರುತ್ತವೆ, ಹೆಚ್ಚಾಗಿ ಕೃಷ್ಣಪಕ್ಷದ ಕೊನೆಯ ವಾರದಲ್ಲಿ. ಹೀಗಾಗಿ ಆಮೆ ನೋಡಲು ಹೋಗುವವರು ಮಳೆಯ ಪಟ್ಟಿಯ ಜೊತೆಗೆ ಚಂದ್ರನ ತಿಥಿಯನ್ನೂ ನೋಡಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಪರವಾನಗಿಯುಳ್ಳ ಮಾರ್ಗದರ್ಶಿಯ ಜೊತೆಗೇ ಹೋಗಿ, ಟಾರ್ಚನ್ನೂ ಮೊಬೈಲನ್ನೂ ಚೀಲದಲ್ಲಿಯೇ ಇಟ್ಟಿರಿ. ಬೆಳಕು ಕಂಡರೆ ದಡಕ್ಕೆ ಬಂದ ಆಮೆ ಮೊಟ್ಟೆಯಿಡದೆ ನೀರಿಗೆ ಹಿಂದಿರುಗುವುದುಂಟು.