ಸಿ.ಟಿ. ತೆಗೆಯದೆ ರೇಡಿಯೇಷನ್ ಲೆಕ್ಕ ಹೇಗೆ?

ಪ್ರಶ್ನೆ: ನನ್ನ ಅಣ್ಣ ಇಂಗ್ಲೆಂಡಿನಲ್ಲಿದ್ದಾರೆ. ವಯಸ್ಸು 68. ಪ್ರಾಸ್ಟೇಟ್ ಕ್ಯಾನ್ಸರಿಗೆ ರೇಡಿಯೇಷನ್ ಕೊಡುತ್ತಾರಂತೆ. ಸಿ.ಟಿ. ಬೇಡ, ಎಂ.ಆರ್.ಐ. ನೋಡಿ ಕಂಪ್ಯೂಟರೇ ಸಿ.ಟಿ. ಚಿತ್ರ ತಯಾರಿಸುತ್ತದೆ ಎಂದರಂತೆ. ತೆಗೆಯದ ಚಿತ್ರವನ್ನು ನಂಬಬಹುದಾ? ಹೋದ ವರ್ಷ ಬಿದ್ದು ಅವರ ಎಡ ಸೊಂಟದ ಕೀಲು ಬೇರೆ ಬದಲಾಯಿಸಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪತ್ರಿಕೆ ಪಕ್ಕಕ್ಕಿಟ್ಟು ಮೊದಲು ಅಣ್ಣನಿಗೆ ಫೋನ್ ಮಾಡಿ. ಸೊಂಟದಲ್ಲಿ ಲೋಹದ ಕೀಲು ಇದೆ ಎಂದು ರೇಡಿಯೇಷನ್ ವಿಭಾಗದವರಿಗೆ ಇನ್ನೊಮ್ಮೆ ಹೇಳಲಿ. ಫೈಲಿನಲ್ಲಿ ಬರೆದಿರಬಹುದು, ಆದರೂ ಹೇಳಲಿ.

ನಾನು ಮೆಡಿಕಲ್ ಫಿಸಿಸಿಸ್ಟ್. ಕಿರಣ ಯಾವ ಕಡೆಯಿಂದ, ಎಷ್ಟು ಎಂದು ಲೆಕ್ಕ ಹಾಕುವುದೇ ನನ್ನ ಕೆಲಸ. ಅದಕ್ಕೆ ದೇಹದ ಯಾವ ಭಾಗ ಕಿರಣವನ್ನು ಎಷ್ಟು ತಡೆಯುತ್ತದೆ ಎಂದು ಗೊತ್ತಿರಬೇಕು. ಸಿ.ಟಿ. ಅದನ್ನು ಅಂಕಿಯಲ್ಲೇ ಕೊಡುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ 1000ದ ಆಸುಪಾಸು. ಎಂ.ಆರ್.ಐ. ಪ್ರಾಸ್ಟೇಟಿನ ಅಂಚನ್ನು ಸಿ.ಟಿ.ಗಿಂತ ಎಷ್ಟೋ ಚೆನ್ನಾಗಿ ತೋರಿಸುತ್ತದೆ. ಆದರೆ ಅದರಲ್ಲಿ ಗಟ್ಟಿ ಮೂಳೆಯೂ ಕಪ್ಪು, ಗಾಳಿಯೂ ಕಪ್ಪು.

ಹಾಗಾಗಿ ಎರಡನ್ನೂ ತೆಗೆದು ಒಂದರ ಮೇಲೊಂದು ಕೂರಿಸುತ್ತೇವೆ. ಅಲ್ಲೇ ಕಷ್ಟ. ಎರಡು ಸ್ಕ್ಯಾನ್ ನಡುವೆ ಮೂತ್ರಕೋಶ ತುಂಬಿರುತ್ತದೆ, ಗುದನಾಳದಲ್ಲಿ ಗ್ಯಾಸ್ ಸರಿದಿರುತ್ತದೆ. ಅರ್ಧ ಗಂಟೆ ಕೂತು ಹೊಂದಿಸಿದ ಮೇಲೂ ಒಂದೆರಡು ಮಿಲಿಮೀಟರ್ ಆಚೀಚೆ ಉಳಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಎಂ.ಆರ್.ಐ. ಒಂದೇ ಇದ್ದರೆ ಈ ತಪ್ಪಿಗೆ ಜಾಗವೇ ಇಲ್ಲ ಅಲ್ವಾ?

ಕಂಪ್ಯೂಟರ್ ಸುಮ್ನೆ ಊಹಿಸುವುದಿಲ್ಲ. ಎರಡೂ ಸ್ಕ್ಯಾನ್ ಆಗಿರುವ ಬಹಳ ಜನರ ಚಿತ್ರಗಳನ್ನು ಜೋಡಿ ಜೋಡಿಯಾಗಿ ತೋರಿಸಿ ಅದಕ್ಕೆ ಕಲಿಸಿರುತ್ತಾರೆ. ತೊಡೆಮೂಳೆಯ ಮಜ್ಜೆಯ ಸುತ್ತಲಿನ ಕಪ್ಪು ಎಂದರೆ ಮೂಳೆ, ಗುದನಾಳದೊಳಗಿನ ಕಪ್ಪು ಎಂದರೆ ಗ್ಯಾಸ್. ಹೀಗೆ ಜಾಗ, ಆಕಾರ ನೋಡಿ ಅಂಕಿ ತುಂಬುತ್ತದೆ. ಪ್ರಾಸ್ಟೇಟಿಗೆ ಹೀಗೆ ಹಾಕಿದ ಡೋಸ್ ಲೆಕ್ಕಕ್ಕೂ ಅಸಲಿ ಸಿ.ಟಿ. ಲೆಕ್ಕಕ್ಕೂ ವ್ಯತ್ಯಾಸ ಸಾಮಾನ್ಯವಾಗಿ ಶೇ. 1-2 ದಾಟುವುದಿಲ್ಲ.

ಲೋಹ ಇದ್ದರೆ ಮಾತ್ರ ಮಾತು ಬೇರೆ. ಅದರ ಸುತ್ತ ಎಂ.ಆರ್.ಐ. ಚಿತ್ರ ಸೊಟ್ಟಗಾಗಿ ಕಪ್ಪು ಗುಳಿ ಬೀಳುತ್ತದೆ. ಕಂಪ್ಯೂಟರ್ ಕಲಿತದ್ದು ಮಾಮೂಲಿ ಸೊಂಟಗಳನ್ನು ನೋಡಿ. ಆ ಗುಳಿಯಲ್ಲಿ ಅದು ಇಲ್ಲದ ಮೂಳೆಯನ್ನು ಅಂದವಾಗಿ ಬರೆದುಬಿಡಬಹುದು. ನನಗೆ ಭಯ ಆ ಅಂದದ್ದೇ. ಮಸುಕು ಚಿತ್ರವಾದರೆ ಕಣ್ಣಿಗೆ ಹೊಡೆಯುತ್ತದೆ, ಇದು ಹೊಡೆಯುವುದಿಲ್ಲ. ಆದ್ದರಿಂದಲೇ ಕೀಲು ಬದಲಾದವರಿಗೆ ಸಾಮಾನ್ಯವಾಗಿ ಸಿ.ಟಿ.ಯನ್ನೇ ತೆಗೆಯುತ್ತಾರೆ.

ಅಣ್ಣನಿಗೂ ಸಿ.ಟಿ. ಬೇಕು ಎಂದರೆ ಗಾಬರಿಯಾಗಬೇಡಿ, ರೋಗ ಜಾಸ್ತಿಯಾಗಿದೆ ಎಂದು ಅದರರ್ಥವಲ್ಲ. ಬೇಡ ಎಂದರೆ, ಆ ಕೀಲನ್ನು ಲೆಕ್ಕದಲ್ಲಿ ಹೇಗೆ ಹಿಡಿದಿದ್ದೀರಿ ಎಂದು ಅಲ್ಲಿನ ಫಿಸಿಸಿಸ್ಟನ್ನೇ ಕೇಳಲಿ.