ಎಕೋ ಪರದೆಯ ಬಣ್ಣವನ್ನು ನೋಡಿ ಹೆದರಬೇಡಿ

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಕಳೆದ ವರ್ಷದ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಮೈಟ್ರಲ್ ಕವಾಟದ ಸೋರಿಕೆ ‘ಅಲ್ಪ’ ಎಂದಿತ್ತು. ಈ ಬಾರಿ ಬೇರೆ ಕಡೆ ಮಾಡಿಸಿದಾಗ ‘ಮಧ್ಯಮ’ ಎಂದು ಬಂದಿದೆ. ಪರದೆಯ ಮೇಲೂ ಬಣ್ಣ ದೊಡ್ಡದಾಗಿ ಕಂಡಿತು. ಅವರಿಗೆ ಏದುಸಿರಾಗಲಿ ಸುಸ್ತಾಗಲಿ ಇಲ್ಲ. ಕಾಯಿಲೆ ಉಲ್ಬಣಿಸಿದೆಯೇ?

ಉತ್ತರ: ಈ ಎರಡು ಪದಗಳಿಂದಲೇ ಹಾಗೆಂದು ತೀರ್ಮಾನಿಸಬೇಡಿ. ಮೊದಲು ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅಂಕಿಗಳನ್ನು ಹೋಲಿಸಬೇಕು.

ಮೈಟ್ರಲ್ ಕವಾಟವೆಂದರೆ ಹೃದಯದ ಎಡಭಾಗದ ಮೇಲಿನ ಕೋಣೆ (ಹೃತ್ಕರ್ಣ) ಮತ್ತು ಕೆಳಗಿನ ಕೋಣೆಯ (ಹೃತ್ಕುಕ್ಷಿ) ನಡುವಿನ ಬಾಗಿಲು; ಅದು ಸೋರಿದರೆ ರಕ್ತ ಮೇಲಿನ ಕೋಣೆಗೆ ಹಿಂದಿರುಗುತ್ತದೆ. ಎಕೋದಲ್ಲಿ ರಕ್ತದ ಹರಿವನ್ನು ಗುರುತಿಸುವ ಡಾಪ್ಲರ್ ವಿಧಾನ ತೋರಿಸುವ ಬಣ್ಣ ರಕ್ತ ಹರಿಯುವ ವೇಗ ಮತ್ತು ದಿಕ್ಕಿನದು. ಎಷ್ಟು ರಕ್ತ ಹಿಂದಕ್ಕೆ ಹೋಯಿತು ಎಂಬುದರ ನೇರ ಅಳತೆಯಲ್ಲ. ಪರೀಕ್ಷೆಯ ಹೊತ್ತಿಗೆ ರಕ್ತದೊತ್ತಡ ಏರಿದ್ದರೆ ಬಣ್ಣ ಹಿಗ್ಗುತ್ತದೆ. ಯಂತ್ರದಲ್ಲಿ ವೇಗದ ಮಿತಿಯನ್ನು ತಗ್ಗಿಸಿದ್ದರೂ ಅದೇ ಸೋರಿಕೆ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾದ ಮೋಸ ನನಗೆ ಹೆಚ್ಚು ಕಳವಳ ತರುತ್ತದೆ: ಚಿಮ್ಮಿದ ರಕ್ತ ಹೃತ್ಕರ್ಣದ ಗೋಡೆಗೆ ಅಂಟಿಕೊಂಡು ಓರೆಯಾಗಿ ಹರಿದರೆ, ತೀವ್ರ ಸೋರಿಕೆಯೂ ತೆಳುವಾದ ಪಟ್ಟಿಯಂತೆ ಕಂಡು ಕಣ್ತಪ್ಪಬಹುದು.

ಆದ್ದರಿಂದ ಆ ಧಾರೆ ಕವಾಟವನ್ನು ದಾಟುವಲ್ಲಿ ಅದರ ಅತಿ ಕಿರಿದಾದ ಭಾಗವನ್ನು ಅಳೆಯುತ್ತೇವೆ. ಅದು 3 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಅಲ್ಪ, 7 ಅಥವಾ ಹೆಚ್ಚಿದ್ದರೆ ತೀವ್ರ. ಕವಾಟದ್ದೇ ದೋಷವಿರುವಾಗ, ಪ್ರತಿ ಬಡಿತಕ್ಕೆ 60 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹಿಂದೆ ಸರಿಯುವುದು ತೀವ್ರತೆಯ ಇನ್ನೊಂದು ಗುರುತು. ಆದರೆ ಈ ಲೆಕ್ಕಗಳಲ್ಲಿ ಒಂದು ಮಿಲಿಮೀಟರ್ ಆಚೀಚೆಯಾದರೂ ಫಲಿತಾಂಶ ಬಹಳ ಬದಲಾಗುತ್ತದೆ. ಒಂದೇ ಅಂಕಿಯನ್ನು ನಂಬಿ ಯಾರೂ ನಿರ್ಧಾರಕ್ಕೆ ಬರಬಾರದು.

ನಾನು ಬಹಳ ಹೊತ್ತು ನೋಡುವುದು ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ಗಾತ್ರವನ್ನು. ವರ್ಷಗಟ್ಟಲೆ ತೀವ್ರವಾಗಿ ಸೋರಿದರೆ ಅವು ಹಿಗ್ಗುತ್ತವೆ. ನಿಮ್ಮ ತಾಯಿಯ ಈ ಅಳತೆಗಳು ಎರಡೂ ವರದಿಗಳಲ್ಲಿ ಸಹಜವಾಗಿ, ಒಂದೇ ರೀತಿ ಇದ್ದರೆ, ದೊಡ್ಡ ಬದಲಾವಣೆ ಆಗಿರುವ ಸಂಭವ ಕಡಿಮೆ. ತೀವ್ರ ಸೋರಿಕೆ ಇರುವವರಲ್ಲಿ ಮಾತ್ರ ಹೃದಯದ ಪಂಪಿಂಗ್ ಪ್ರಮಾಣ (ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರದೂಡುವ ರಕ್ತದ ಪಾಲು) ಶೇ 60 ಅಥವಾ ಅದಕ್ಕಿಂತ ಕೆಳಗಿಳಿಯುವುದು, ಸಂಕುಚಿಸಿದಾಗಲೂ ಹೃತ್ಕುಕ್ಷಿಯ ಅಗಲ 40 ಮಿಲಿಮೀಟರ್ ಮುಟ್ಟುವುದು ಎಚ್ಚರಿಕೆಯ ಗಂಟೆ. ತೊಂದರೆ ಏನೂ ಕಾಣದಿದ್ದರೂ ಆಗ ಶಸ್ತ್ರಚಿಕಿತ್ಸೆಯ ವಿಚಾರ ಮಾಡಬೇಕಾಗುತ್ತದೆ.

ಸೋರಿಕೆಗೆ ಕಾರಣವೇನು, ಪರೀಕ್ಷೆಯ ವೇಳೆ ರಕ್ತದೊತ್ತಡ ಎಷ್ಟಿತ್ತು ಎಂದು ವೈದ್ಯರನ್ನು ಕೇಳಿ. ಗೊಂದಲ ಉಳಿದರೆ ಅನ್ನನಾಳದ ಮೂಲಕ ಮಾಡುವ ಎಕೋ ಅಥವಾ ಹೃದಯದ ಎಂಆರ್‌ಐ ನೆರವಾಗುತ್ತದೆ. ಮಧ್ಯಮ ಸೋರಿಕೆಯೇ ಖಚಿತವಾದರೆ ಸಾಮಾನ್ಯವಾಗಿ 1–2 ವರ್ಷಕ್ಕೊಮ್ಮೆ ಎಕೋ ಸಾಕು. ಸಾಧ್ಯವಾದರೆ ಒಂದೇ ಕಡೆ ಮಾಡಿಸಿ, ಹಳೆಯ ವರದಿಯ ಜೊತೆಗೆ ಹಳೆಯ ಚಿತ್ರಗಳನ್ನೂ ಒಯ್ಯಿರಿ. ನಡುವೆ ಏದುಸಿರು, ಕಾಲೂತ ಅಥವಾ ಎದೆಬಡಿತದಲ್ಲಿ ಏರುಪೇರು ಕಾಣಿಸಿಕೊಂಡರೆ ಅವಧಿಗೆ ಕಾಯದೆ ವೈದ್ಯರನ್ನು ಕಾಣಿರಿ.