ಎಂಆರ್‌ಐ ನಾರ್ಮಲ್ ಇದೆ, ಆದರೂ ಫಿಟ್ಸ್ ನಿಲ್ಲುತ್ತಿಲ್ಲ. ಮತ್ತೆ ಸ್ಕ್ಯಾನ್ ಮಾಡಿಸಬೇಕೇ?

ನಿಮ್ಮ ತಮ್ಮನಿಗೆ ಎರಡು ಬಗೆಯ ಮಾತ್ರೆ ಕೊಟ್ಟರೂ ಫಿಟ್ಸ್ ಹತೋಟಿಗೆ ಬಂದಿಲ್ಲ, ಎಂಆರ್‌ಐ ರಿಪೋರ್ಟ್ ಮಾತ್ರ ನಾರ್ಮಲ್ ಎಂದು ಬರೆದಿದ್ದೀರಿ. ಮತ್ತೆ ಮಾಡಿಸಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಮೊದಲಿನ ಥರದ್ದೇ ಸ್ಕ್ಯಾನ್ ಆದರೆ ಪ್ರಯೋಜನವಿಲ್ಲ.

ಗಡ್ಡೆ, ರಕ್ತಸ್ರಾವ, ಸ್ಟ್ರೋಕ್ ಹುಡುಕುವ ಮಾಮೂಲಿ ಎಂಆರ್‌ಐನಲ್ಲಿ ಒಂದೊಂದು ಸ್ಲೈಸ್ ಸುಮಾರು 5 ಮಿ.ಮೀ. ದಪ್ಪ, ನಡುವೆ ಸ್ವಲ್ಪ ಖಾಲಿ ಜಾಗ ಬೇರೆ. ಮೆದುಳಿನ ಹೊರಪದರ ಕಾರ್ಟೆಕ್ಸ್ ಇರುವುದೇ 2ರಿಂದ 4 ಮಿ.ಮೀ. ಔಷಧಕ್ಕೆ ಬಗ್ಗದ ಫಿಟ್ಸ್‌ಗೆ ಆಗಾಗ ಕಾರಣವಾಗುವ ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ (ಹುಟ್ಟುವ ಮೊದಲೇ ಕಾರ್ಟೆಕ್ಸ್‌ನ ಒಂದು ಜಾಗ ಸರಿಯಾಗಿ ರೂಪುಗೊಳ್ಳದ ದೋಷ) ಆ ಪದರದಲ್ಲೇ, ಎಷ್ಟೋ ಸಲ ಮೆದುಳಿನ ಮಡಿಕೆಯ ತಳದಲ್ಲಿ ಅಡಗಿರುತ್ತದೆ. ಅಲ್ಲಿ ಕಾರ್ಟೆಕ್ಸ್ ತುಸು ದಪ್ಪಗಿರುತ್ತದೆ. ಬೂದು ಭಾಗ ಮುಗಿದು ಬಿಳಿ ಭಾಗ ಶುರುವಾಗುವ ಗೆರೆ ಮಸುಕಾಗಿರುತ್ತದೆ. ಕೆಲವರಲ್ಲಿ ಫ್ಲೇರ್ (ಮೆದುಳಿನ ದ್ರವದ ಹೊಳಪು ಅಡಗಿಸಿ ದೋಷ ಎದ್ದು ಕಾಣಿಸುವ ಎಂಆರ್‌ಐ ವಿಧ) ಚಿತ್ರದಲ್ಲಿ ಒಂದು ಬಿಳಿ ಎಳೆ ಅಲ್ಲಿಂದ ವೆಂಟ್ರಿಕಲ್ (ಮೆದುಳಿನೊಳಗೆ ದ್ರವ ತುಂಬಿದ ಕುಹರ) ಕಡೆಗೆ ಸಣ್ಣಗಾಗುತ್ತಾ ಹೋಗುತ್ತದೆ.

ಕೇಳಬೇಕಾದ್ದು ಫಿಟ್ಸ್‌ನ ಮೂಲ ಹುಡುಕಲೆಂದೇ ಮಾಡುವ ‘ಎಪಿಲೆಪ್ಸಿ ಪ್ರೋಟೋಕಾಲ್’ ಎಂಆರ್‌ಐ, ಸಾಧ್ಯವಾದರೆ 3 ಟೆಸ್ಲಾ (ಕಾಂತಶಕ್ತಿಯ ಅಳತೆ) ಯಂತ್ರದಲ್ಲಿ. ಇದರಲ್ಲಿ 1 ಮಿ.ಮೀ.ನ, ಖಾಲಿ ಜಾಗವಿಲ್ಲದ ಟಿ1 (ಬೂದು-ಬಿಳಿ ಭಾಗಗಳನ್ನು ಬೇರ್ಪಡಿಸಿ ತೋರಿಸುವ ವಿಧ) ಮತ್ತು ಫ್ಲೇರ್ 3ಡಿ ಚಿತ್ರಗಳಿರಬೇಕು. ಜೊತೆಗೆ ನೆನಪಿಗೆ ಸಂಬಂಧಿಸಿದ ಮೆದುಳಿನ ಭಾಗವಾದ ಹಿಪೊಕ್ಯಾಂಪಸ್‌ನ ಉದ್ದಕ್ಕೆ ನೇರ ಅಡ್ಡವಾಗಿ ತೆಗೆದ ಕೊರೊನಲ್ ಟಿ2 (ತಲೆಯನ್ನು ಕಿವಿಯಿಂದ ಕಿವಿಗೆ ನಿಲುವಾಗಿ ಸೀಳಿದಂತೆ ಕಾಣುವ ಚಿತ್ರ) ಬೇಕು. ಕೋನ ತಪ್ಪಿದರೆ ಎಡ-ಬಲ ಹೋಲಿಸುವುದು ಕಷ್ಟ, ಸಣ್ಣಗೆ ಕುಗ್ಗಿದ ಹಿಪೊಕ್ಯಾಂಪಸ್ ಕಣ್ತಪ್ಪುತ್ತದೆ. ತಲೆ ಅಲುಗಿದರೂ ಗೆರೆಗಳು ಮಸುಕಾಗುತ್ತವೆ. ಸ್ಕ್ಯಾನ್‌ಗೆಂದು ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಚೀಟಿಯಲ್ಲಿ ಬರೀ ‘ಫಿಟ್ಸ್’ ಎಂದಿದ್ದರೆ ರೇಡಿಯಾಲಜಿಸ್ಟ್‌ಗೆ ಎಲ್ಲಿ ನೋಡಬೇಕೆಂದೇ ತಿಳಿಯದು. ‘ಮೊದಲು ಎಡಗೈ ಸೆಳೆಯುತ್ತದೆ, ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಬಲ ಫ್ರಂಟಲ್ (ಮುಂದಿನ) ಭಾಗದಲ್ಲಿ ಫಿಟ್ಸ್‌ನ ಅಲೆಗಳಿವೆ’ ಎಂದಿದ್ದರೆ ಆ ಜಾಗವನ್ನು ಮಡಿಕೆ ಮಡಿಕೆಯಾಗಿ ನೋಡುತ್ತಾರೆ. ಅಟ್ಯಾಕ್ ಶುರುವಾಗುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ ನರರೋಗ ವೈದ್ಯರಿಗೆ ತೋರಿಸಿ. ಹಳೆಯ ಸ್ಕ್ಯಾನ್‌ನ ಫಿಲ್ಮ್ ಸಾಲದು, ಡೈಕಾಮ್ (ಸ್ಕ್ಯಾನ್‌ನ ಮೂಲ ಡಿಜಿಟಲ್) ಫೈಲ್‌ಗಳಿರುವ ಸಿಡಿ ಒಯ್ಯಿರಿ. ಸ್ಕ್ಯಾನ್ ಚೆನ್ನಾಗಿಯೇ ಬಂದಿದ್ದರೆ ಅನುಭವಿಗಳು ಮರಳಿ ನೋಡಿದಾಗಲೇ ದೋಷ ಸಿಗುವುದುಂಟು.

ಎರಡು ವರ್ಷದೊಳಗಿನ ಮಕ್ಕಳ ಮಾತು ಬೇರೆ. ಮಯಲಿನ್ (ನರತಂತುಗಳ ಮೇಲಿನ ಹೊದಿಕೆ) ಇನ್ನೂ ಬೆಳೆಯುತ್ತಿರುವುದರಿಂದ ಬೂದು-ಬಿಳಿ ವ್ಯತ್ಯಾಸ ಸ್ಪಷ್ಟವಿರುವುದಿಲ್ಲ. ನಾರ್ಮಲ್ ಬಂದರೂ ಎರಡೂವರೆ ವರ್ಷದ ಹೊತ್ತಿಗೆ ಮತ್ತೊಮ್ಮೆ ನೋಡಬೇಕಾಗುತ್ತದೆ.

ಎಪಿಲೆಪ್ಸಿ ಪ್ರೋಟೋಕಾಲ್ ಎಂಆರ್‌ಐನಲ್ಲೂ ದೋಷ ಸಿಗದಿದ್ದರೆ ಎಫ್‌ಡಿಜಿ ಪೆಟ್ ಸ್ಕ್ಯಾನ್ ಇದೆ: ಫಿಟ್ಸ್ ಇಲ್ಲದ ಹೊತ್ತಿನಲ್ಲಿ ದೋಷದ ಜಾಗ ಗ್ಲೂಕೋಸ್ ಕಡಿಮೆ ಬಳಸುತ್ತದೆ. ಅದನ್ನು ಎಂಆರ್‌ಐ ಮೇಲೆ ಕೂರಿಸಿ ನೋಡಿದರೆ ಹೆಚ್ಚು ಉಪಯೋಗ. ಸ್ಪೆಕ್ಟ್‌ನಲ್ಲಿ (ಮೆದುಳಿನ ರಕ್ತದ ಹರಿವು ತೋರಿಸುವ ಸ್ಕ್ಯಾನ್) ಅಟ್ಯಾಕ್ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಇಂಜೆಕ್ಷನ್ ಕೊಡಬೇಕು, ತಡವಾದರೆ ಫಿಟ್ಸ್ ಹರಡಿದ ಜಾಗ ಕಾಣುತ್ತದೆಯೇ ಹೊರತು ಹುಟ್ಟಿದ ಜಾಗವಲ್ಲ. ಕಂಪ್ಯೂಟರ್ ಪ್ರೋಗ್ರಾಂಗಳೂ ಅನುಮಾನದ ಜಾಗ ಗುರುತಿಸುತ್ತವೆ, ಆದರೆ ಆರೋಗ್ಯವಂತ ಜಾಗವನ್ನೂ ತೋರಿಸಿಬಿಡುತ್ತವೆ. ಇಇಜಿ ಮತ್ತು ಅಟ್ಯಾಕ್‌ನ ಲಕ್ಷಣ ಎರಡೂ ಅದೇ ಜಾಗಕ್ಕೆ ಬೆರಳು ತೋರಿಸದೆ, ಬರೀ ಚಿತ್ರದಲ್ಲಿನ ಮಚ್ಚೆ ನಂಬಿ ಆಪರೇಷನ್‌ಗೆ ಒಪ್ಪಬೇಡಿ.